ಗುಡ್ಡದ ಊರಿನ ಖಣ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಐರಣಿ ಕೋಟೆ ನೋಡಲು ಹೋದ ಆ ದಿನ ಅವ್ವ ಉಟ್ಟಿದ್ದು ಬೂದಿ ಬಣ್ಣದ ಸೀರೆ ಎಂದು ಬಹಳ ಕಾಲ ನಂಬಿದ್ದೆ. ಆಮೇಲೆ ಫೋಟೋ ನೋಡಿದರೆ ತಿಳಿನೀಲಿ. ಕೋಟೆಯ ಮೇಲೆ ಗಾಳಿ ಜೋರಾಗಿತ್ತು ಎಂದು ನನ್ನ ನೆನಪು. ಚಿಗವ್ವನನ್ನು ಕೇಳಿದರೆ, ಒಂದು ಎಲೆಯೂ ಅಲುಗುತ್ತಿರಲಿಲ್ಲ, ಧಗೆಗೆ ಜೀವ ಹೋಗಿತ್ತು ಎನ್ನುತ್ತಾಳೆ. ಕುಪ್ಪೇಲೂರಿನ ಮೇಲೆ ಹಾದು ಹೋದೆವೋ, ಬರುವಾಗ ಹಾದೆವೋ, ಅದೂ ಖಚಿತವಿಲ್ಲ. ಕೋಟೆಯನ್ನು ಮೊದಲು ನೋಡಿ ಗುಡ್ಡದ ಊರುಗಳಿಗೆ ಆಮೇಲೆ ಹೋಗಿರಬೇಕು. ಅವ್ವನ ಹಣೆಗೆ ಟಿಕಳಿ ಅಂಟಿಸಿದ್ದು ಕೋಟೆಯಲ್ಲಿ, ಗುಡ್ಡದ ಮನೆಯಲ್ಲಿ ಆ ಟಿಕಳಿ ಅವಳ ಹಣೆಯ ಮೇಲಿತ್ತು. ಹೀಗೆ ಒಂದನ್ನು ಹಿಡಿದು ಇನ್ನೊಂದನ್ನು ಗೊತ್ತುಮಾಡಿಕೊಳ್ಳುತ್ತಿದ್ದೇನೆ.

ಉಳಿದದ್ದು ಹೇಗಿದ್ದರೂ ಇರಲಿ, ಒಂದು ಸಂಗತಿ ಮಾತ್ರ ನನಗೆ ತಿಳಿಯಬೇಕು. ಆ ದಿನ ಗುಡ್ಡದ ಊರಿನ ಒಂದು ಮನೆಯಲ್ಲಿ ಅವ್ವನ ಉಡಿಗೆ ಕುಪ್ಪಸಕ್ಕೆಂದು ಕೊಡುವ ಒಂದು ಹಸಿರು ಖಣ ಬಿತ್ತು. ನಾವು ರಾಣೆಬೆನ್ನೂರಿಗೆ ತಿರುಗಿ ಬರುವಷ್ಟರಲ್ಲಿ ಅದು ಚಿಗವ್ವನ ಚೀಲದಲ್ಲಿತ್ತು. ಅವ್ವನ ಕೈಯಿಂದ ಅದು ಅಲ್ಲಿಗೆ ಹೇಗೆ ಹೋಯಿತು ಎಂಬುದು.

ಅವ್ವ ಬ್ಯಾಡಗಿಯಲ್ಲಿ ಹೊಲಿಗೆ ಮಾಡುತ್ತಿದ್ದಳು. ಅಪ್ಪ ತೀರಿಕೊಂಡಾಗ ನಾನು ಹೈಸ್ಕೂಲಿನಲ್ಲಿದ್ದೆ. ಅದಕ್ಕೂ ಮೊದಲೇ ಅವಳಿಗೆ ಹೊಲಿಗೆ ಬರುತ್ತಿತ್ತೋ, ಆಮೇಲೆ ಕಲಿತಳೋ, ಇದನ್ನು ಕೂಡ ನಾನು ಕೇಳಿಟ್ಟುಕೊಳ್ಳಲಿಲ್ಲ. ಮುಂದಿನ ಪಡಸಾಲೆಯಲ್ಲಿ ಕಾಲಿನಿಂದ ತುಳಿಯುವ ಮಷೀನು, ಗೋಡೆಯ ಮೊಳೆಗಳಿಗೆ ತೂಗುಹಾಕಿದ ಕುಪ್ಪಸಗಳು. ಮೆಣಸಿನಕಾಯಿ ಸುಗ್ಗಿಯಲ್ಲಿ ಪೇಟೆಯಿಂದ ನೇರವಾಗಿ ಬರುವ ಹೆಂಗಸರ ಬಟ್ಟೆಗಳಲ್ಲೂ ಘಾಟು ಇರುತ್ತಿತ್ತು. ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ಅಳತೆ ತೆಗೆಯುತ್ತಿದ್ದಳು. ‘ಉಸರ ಹಿಡಿಬ್ಯಾಡವಾ, ಕುಪ್ಪಸ ಬಿಗಿ ಆಗತೈತಿ’ ಎಂದು ಅವರಿಗೆ ಹೇಳುತ್ತ ತಾನು ಉಸಿರು ಹಿಡಿದಿರುತ್ತಿದ್ದಳು.

ನಮ್ಮ ಕಡೆ ಹೆಣ್ಣುಮಕ್ಕಳು ಒಂದು ಮನೆಯಿಂದ ಹೊರಡುವಾಗ ಉಡಿ ತುಂಬುತ್ತಾರೆ. ಹಣೆಗೆ ಕುಂಕುಮ ಹಚ್ಚಿ, ಮುಂದೆ ಒಡ್ಡಿದ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಎಲೆ ಅಡಿಕೆ ಹಾಕಿ, ಮೇಲೆ ಒಂದು ಖಣ ಇಡುತ್ತಾರೆ. ಈ ಖಣಗಳಲ್ಲಿ ಹೆಚ್ಚಿನವು ಕುಪ್ಪಸವಾಗುವುದೇ ಇಲ್ಲ. ಈ ಮನೆಯಲ್ಲಿ ಬಂದದ್ದು ಆ ಮನೆಯವಳ ಉಡಿಗೆ, ಅಲ್ಲಿಂದ ಇನ್ನೊಬ್ಬಳ ಉಡಿಗೆ, ಹೀಗೆ ಟ್ರಂಕಿನಿಂದ ಟ್ರಂಕಿಗೆ ತಿರುಗುತ್ತವೆ. ಮಡಿಕೆ ಬಿದ್ದ ಕಡೆ ಬಣ್ಣ ಬಿಳಿಚಿಕೊಂಡಿರುತ್ತದೆ. ತಾನು ಕೊಟ್ಟ ಖಣ ವರ್ಷ ತುಂಬುವುದರೊಳಗೆ ತನಗೇ ತಿರುಗಿ ಬಂದದ್ದನ್ನು ಹೇಳಿ ನಗದ ಹೆಂಗಸು ನಮ್ಮಲ್ಲಿ ಸಿಗಲಿಕ್ಕಿಲ್ಲ. ನಿಜವಾಗಿ ಚೊಲೋ ಖಣ ಬಂದರೆ ಮಾತ್ರ ಅದು ಅವ್ವನ ಮಷೀನಿಗೆ ಬರುತ್ತಿತ್ತು. ಓಣಿಯ ಎಷ್ಟೋ ಹೆಂಗಸರ ಉಡಿಯ ಖಣಗಳು ಅವಳ ಕತ್ತರಿಯಡಿ ಹಾದುಹೋದವು. ಅಪ್ಪ ಹೋದ ಮೇಲೆ ಅವಳ ಉಡಿಗೆ ಮಾತ್ರ ಯಾರೂ ಖಣ ಹಾಕಲಿಲ್ಲ. ಗಂಡ ಇಲ್ಲದವರಿಗೆ ಹಾಕುವುದಿಲ್ಲ. ನಾವು ಯಾರ ಮನೆಗೆ ಹೋದರೂ, ಒಳಗೆ ಕುಂಕುಮದ ಭರಣಿ ತೆಗೆಯುವ ಸಪ್ಪಳ ಕೇಳಿದ ಕೂಡಲೇ ಅವ್ವ ಚಪ್ಪಲಿ ಮೆಟ್ಟಿ ಅಂಗಳಕ್ಕೆ ಇಳಿದಿರುತ್ತಿದ್ದಳು. ತನ್ನನ್ನು ಬಿಟ್ಟು ಮುಂದಿನವಳ ಕಡೆ ಹೋಗಬೇಕಾದ ಮುಜುಗರ ಆ ಮನೆಯವರಿಗೆ ಬರದಿರಲಿ ಎಂದು.

ಧಾರವಾಡದಲ್ಲಿ ಎಂ.ಎ. ಓದುವಾಗ ನಾನು ಇದರ ವಿರುದ್ಧ ಬಹಳ ಮಾತಾಡುತ್ತಿದ್ದೆ. ಅವ್ವ ಮಷೀನು ನಿಲ್ಲಿಸದೆ ಕೇಳಿಸಿಕೊಂಡು ಒಮ್ಮೆ ಅಂದಳು: ‘ನಿಮ್ಮ ಯುನಿವರ್ಸಿಟಿಯೊಳಗ ನನಗ ಉಡಿ ತುಂಬತಾರೇನ? ಇಲ್ಲಲ್ಲ. ಹಂಗಾರ ಸೂಜಿ ಪೋಣಿಸಿ ಕೊಡು.’

ಚಿಗವ್ವ ಅವ್ವನ ತಂಗಿ. ರಾಣೆಬೆನ್ನೂರಿನಲ್ಲಿರುತ್ತಾಳೆ, ಕಾಕಾನದು ಬೀಜದ ಅಂಗಡಿ. ಒಂದು ಸಂಜೆ ಹಾವೇರಿಯ ನನ್ನ ಮನೆಗೆ ಫೋನು ಮಾಡಿದಳು.

‘ನಮ್ಮ ಮಹಿಳಾ ಮಂಡಳದವರು ಒಂದ ಟೂರ್ ಹಾಕ್ಯಾರ. ಐರಣಿ ಕೋಟಿ, ಆಮ್ಯಾಲ ಗುಡ್ಡದ ಊರು. ಗೈಡ್ ಅದಾನ, ನಾಷ್ಟಾ ಐತಿ. ಅರ್ಧಾ ದಿನದ್ದು, ಮಧ್ಯಾಹ್ನ ಊಟಕ್ಕ ಮನಿಗೆ. ಇಬ್ಬರು ಬರೂದಿಲ್ಲ ಅಂದ್ರು. ನೀನೂ ಅಕ್ಕನೂ ಬರ್ರಿ.’

‘ಅವ್ವಗ ನೀನ ಹೇಳಲ್ಲ.’

‘ನಾ ಹೇಳಿದ್ರ ಹೊಲಿಗಿ ಐತಿ ಅಂತಾಳ. ನೀ ಹೇಳು, ನಿನ್ನ ಮಾತು ಕೇಳ್ತಾಳ.’

ನಾನು ಹೇಳಿದಾಗಲೂ ಅವ್ವ ಹೊಲಿಗೆ ಐತಿ ಎಂದೇ ಹೇಳಿದಳು. ಆದರೆ ಆ ದಿನ ಬೆಳಿಗ್ಗೆ ನಾನು ರಾಣೆಬೆನ್ನೂರು ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಅವಳು ಬ್ಯಾಡಗಿಯಿಂದ ನನಗಿಂತ ಮೊದಲೇ ಬಂದು, ಚಿಗವ್ವನ ಪಕ್ಕ ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಸೆರಗನ್ನು ತಲೆಯ ಮೇಲೆ ಹೊದ್ದು ಕೊರಳು, ಎರಡೂ ಹೆಗಲು ಮುಚ್ಚಿಕೊಂಡಿದ್ದಳು, ಊರು ಬಿಟ್ಟು ಹೋಗುವಾಗಲೆಲ್ಲ ಹಾಗೆಯೇ.

ಗೈಡ್ ನಡುವಯಸ್ಸಿನವರು. ಕೊರಳಲ್ಲಿ ಸೀಟಿ, ಕೈಯಲ್ಲಿ ಬ್ಯಾಟರಿಯ ಮೈಕು. ಮೈಕು ಬಾಯಿಯ ಹತ್ತಿರ ಬಂದರೆ ಅವರ ಭಾಷೆ ಬೇರೆಯಾಗುತ್ತಿತ್ತು. ‘ಪ್ರಿಯ ಪ್ರವಾಸಿಗರೇ, ತಾವೆಲ್ಲರೂ ಈಗ ಎಡಬದಿಯನ್ನು ವೀಕ್ಷಿಸಬೇಕಾಗಿ ವಿನಂತಿ’ ಎನ್ನುವರು. ಮೈಕು ಕೆಳಗಿಳಿಸಿ ‘ಸಾವಕಾಶ ಹೋಗಪಾ, ನೀರಿನ ಕ್ಯಾನ್ ಉಳ್ಳಾಡಾಕತ್ತೈತಿ’ ಎಂದು ಟೆಂಪೋ ಡ್ರೈವರನಿಗೆ ಹೇಳುವರು. ಅವ್ವ ಕಿಟಕಿಗೆ ಮುಖ ಮಾಡಿ ನಗುತ್ತಿದ್ದುದು ನೆನಪಿದೆ. ಅವಳು ಸದ್ದಿಲ್ಲದೆ ನಗುವವಳು, ಹೆಗಲು ಮಾತ್ರ ಅಲುಗುತ್ತಿತ್ತು.

ಕೋಟೆಯಲ್ಲಿ ಈಗ ಉಳಿದಿರುವುದು ಗೋಡೆ, ಮುಳ್ಳುಕಂಟಿ, ಕೆಳಗೆ ಹೊಳೆ. ಗೈಡ್ ಪ್ರತಿ ತಗ್ಗಿನ ಹತ್ತಿರ ನಿಂತು, ಇಲ್ಲಿ ರಾಣಿಯರು ಸ್ನಾನ ಮಾಡುತ್ತಿದ್ದರು ಎಂದು ಹೇಳುತ್ತಿದ್ದರು. ಇನ್ನೊಂದು ತಗ್ಗು ಬಂದಾಗ ಚಿಗವ್ವನಿಗೆ ತಡೆಯಲಾಗಲಿಲ್ಲ.

‘ಅಲ್ರೀ, ಎಲ್ಲಾ ಕಡೆ ಬರೇ ಸ್ನಾನನ ಮಾಡ್ಯಾರಲ್ರಿ. ಊಟಾ ಎಲ್ಲಿ ಮಾಡತಿದ್ರು?’

‘ಊಟದ್ದು ಮುಂದ ಐತ್ರಿ ಅಕ್ಕಾರ, ಗುಡ್ಡದ ಊರಾಗ’ ಎಂದರು ಗೈಡ್. ಹೊಳೆಯ ಆಚೆ ದೂರದಲ್ಲಿ ತೆಳ್ಳಗೆ ಹೊಗೆಯಂತಹದೇನೋ ಕಾಣುತ್ತಿತ್ತು. ಅದು ಕುಮಾರಪಟ್ಟಣದ ಕಾರ್ಖಾನೆಯದು ಎಂದರು. ಮೋಡವಿರಬೇಕು ಎಂದು ನನಗೆ ಅನಿಸಿತ್ತು. ಅವ್ವ ಎರಡನ್ನೂ ನೋಡದೆ ಗೋಡೆಯ ಕಲ್ಲುಗಳ ಸಂದಿಯ ಮೇಲೆ ಬೆರಳು ಆಡಿಸುತ್ತಿದ್ದಳು. ಸುಣ್ಣ, ಗಾರೆ ಏನೂ ಕಾಣದಂತೆ ಕಲ್ಲಿಗೆ ಕಲ್ಲು ಕೂತಿತ್ತು. ‘ಹೊಲಿಗಿ ಚೊಲೋ ಹಾಕ್ಯಾರ’ ಎಂದಳು, ಯಾರಿಗೂ ಅಲ್ಲ ಎಂಬಂತೆ.

ಬಾಗಿಲ ಹತ್ತಿರ ಎಲ್ಲರನ್ನೂ ನಿಲ್ಲಿಸಿ ಫೋಟೋ ತೆಗೆಯುವುದು ಟೂರಿನ ಕ್ರಮ. ಚಿಗವ್ವ ಅವ್ವನನ್ನು ನಡುವೆ ಎಳೆದುಕೊಂಡಳು. ಆಮೇಲೆ ಅವಳ ಮುಖ ನೋಡಿ, ‘ತಡಿ ಅಕ್ಕಾ’ ಎಂದು ಪರ್ಸಿನಿಂದ ಟಿಕಳಿಯ ಪಾಕೀಟು ತೆಗೆದಳು.

‘ಏ, ಸುಮ್ಮನಿರ’ ಎಂದಳು ಅವ್ವ.

‘ಖಾಲಿ ಹಣೀಲೆ ನಿಂತ್ರ ಫೋಟೋದಾಗ ಚಂದ ಕಾಣೂದಿಲ್ಲ. ಇಲ್ಲಿ ನಿನ್ನ ಯಾರು ನೋಡ್ತಾರ? ಬ್ಯಾಡಗಿ ಮಂದಿ ಅದಾರೇನಿಲ್ಲಿ? ಇದ್ದ ರಾಜ ಸತ್ತಾನ, ಇದ್ದ ರಾಣಿ ಸ್ನಾನಕ್ಕ ಹೋಗ್ಯಾಳ.’

ಸುತ್ತಲಿನ ಹೆಂಗಸರು ನಕ್ಕರು. ಆ ನಗೆಯ ನಡುವೆಯೇ ಚಿಗವ್ವ ಒಂದು ಸಣ್ಣ ಮೆರೂನ್ ಟಿಕಳಿಯನ್ನು ಅವ್ವನ ಹುಬ್ಬುಗಳ ನಡುವೆ ಒತ್ತಿಬಿಟ್ಟಳು. ಅವ್ವನ ಕೈ ಹಣೆಯ ಕಡೆ ಹೋಯಿತು. ಅಷ್ಟರಲ್ಲಿ ಗೈಡ್ ‘ಎಲ್ಲಾರೂ ಬ್ಯಾಡಗೀ ಅನ್ರಿ, ಹಲ್ಲು ಕಾಣತಾವ’ ಎಂದರು. ಎಲ್ಲರೂ ಬ್ಯಾಡಗೀ ಎಂದರು. ಅವ್ವನೂ ಅಂದಳೋ ಏನೋ. ಫೋಟೋದಲ್ಲಿ ಅವಳ ಕೈ ಎದೆಯ ಹತ್ತಿರ ಅರ್ಧಕ್ಕೆ ನಿಂತಿದೆ, ಬಾಯಿ ಸ್ವಲ್ಪ ತೆರೆದಿದೆ. ಅಪ್ಪ ಹೋದ ಮೇಲಿನ ಫೋಟೋಗಳಲ್ಲಿ ಅವಳ ಹಣೆಯ ಮೇಲೆ ಏನಾದರೂ ಇರುವುದು ಇದೊಂದರಲ್ಲೇ.

ಫೋಟೋ ಮುಗಿದ ಮೇಲೆ ಅವಳು ಅದನ್ನು ಕಿತ್ತು ಹಾಕುತ್ತಾಳೆ ಎಂದುಕೊಂಡಿದ್ದೆ. ಕೀಳಲಿಲ್ಲ. ಮರೆತಳೆಂದು ಚಿಗವ್ವ ಹೇಳುತ್ತಾಳೆ. ಸೂಜಿಯ ಕಣ್ಣಿನಲ್ಲಿ ದಾರದ ಎಳೆ ಒಡೆದದ್ದು ಗೊತ್ತಾಗುತ್ತಿದ್ದ ಅವಳಿಗೆ ಹಣೆಯ ಮೇಲಿನ ಟಿಕಳಿ ಮರೆಯಿತು ಎಂಬುದನ್ನು ನಾನು ಪೂರ್ತಿ ಒಪ್ಪಿಲ್ಲ.

ಅಲ್ಲಿಂದ ಗುಡ್ಡಕ್ಕೆ. ಮೊದಲಿನ ಊರಿನಲ್ಲಿ ಒಂದು ಹಾಳು ಬುರುಜು ತೋರಿಸಿದರು. ಎರಡನೆಯ ಊರಿಗೆ ಟೆಂಪೋ ಹತ್ತಲಿಲ್ಲ. ಬುಡದಲ್ಲಿ ಇಳಿದು ಕಲ್ಲುದಾರಿಯಲ್ಲಿ ನಡೆದೆವು. ಆ ಊರಿನ ಹೆಸರು ನನಗೆ ನೆನಪಿಲ್ಲ. ಬೇಕೆಂದರೆ ತಿಳಿದುಕೊಳ್ಳಬಹುದು. ತಿಳಿದುಕೊಂಡರೆ ಹೋಗಬೇಕೆನಿಸುತ್ತದೆ, ಹೋಗಿ ಏನು ಹೇಳಲಿ ಎಂದು ಬಿಟ್ಟಿದ್ದೇನೆ.

ನಾಷ್ಟಾ ಒಂದು ಮನೆಯಲ್ಲಿ ಹೇಳಿಟ್ಟಿದ್ದರು. ಕಲ್ಲಿನ ಗೋಡೆ, ಉದ್ದನೆಯ ಪಡಸಾಲೆ. ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಮನೆಯ ಹಿರಿಯಳು ಅವ್ವನಿಗಿಂತ ಸ್ವಲ್ಪ ದೊಡ್ಡವಳಿರಬಹುದು. ಅವಳ ಗಂಡ ಹೊರಗೆ ಕಟ್ಟೆಯ ಮೇಲೆ ಕೂತು ಗೈಡ್ ಜೊತೆ ಮಳೆಯ ವಿಷಯ ಮಾತಾಡುತ್ತಿದ್ದರು. ರೊಟ್ಟಿ ಹಾಕುತ್ತ ಬಂದ ಆಕೆ ಅವ್ವನ ಮುಂದೆ ನಿಂತಳು.

‘ಯಾವೂರವ್ವಾ?’

‘ಬ್ಯಾಡಗಿರಿ.’

ಆಕೆ ರೊಟ್ಟಿಯ ಬುಟ್ಟಿಯನ್ನು ಅಲ್ಲೇ ನೆಲಕ್ಕಿಟ್ಟಳು. ಅವಳ ತವರು ಬ್ಯಾಡಗಿಯ ಬಾಜೂಕಿನ ಹಳ್ಳಿಯಂತೆ. ಅಣ್ಣ ಸತ್ತ ಮೇಲೆ ಆ ಕಡೆ ಹೋಗಿಯೇ ಇಲ್ಲವಂತೆ. ಪೇಟೆಯ ಯಾವ ಅಂಗಡಿ ಈಗಲೂ ಇದೆ, ಯಾವ ಬೇವಿನಮರ ಕಡಿದರು, ರೇಲ್ವೆ ಸ್ಟೇಷನ್ನಿನ ಕಡೆಯ ರಸ್ತೆ ದೊಡ್ಡದಾಯಿತೇನು, ಎಲ್ಲ ಕೇಳಿದಳು. ಅವ್ವ ಒಂದೊಂದಕ್ಕೂ ಉತ್ತರ ಹೇಳಿದಳು. ಅವಳು ಅಷ್ಟು ಮಾತಾಡಿದ್ದನ್ನು ನಾನು ಹೆಚ್ಚು ಕೇಳಿಲ್ಲ. ಆ ಹೆಂಗಸು ಅವ್ವನ ಮಣಿಕಟ್ಟು ಹಿಡಿದುಕೊಂಡು ಕೂತಿದ್ದಳು, ಬಿಟ್ಟರೆ ಬ್ಯಾಡಗಿ ಎದ್ದು ಹೋದೀತು ಎಂಬಂತೆ.

ಗೈಡ್ ಸೀಟಿ ಊದಿದರು. ಉಳಿದ ಹೆಂಗಸರು ಎದ್ದು ಕೈತೊಳೆದು ಹೊರಗೆ ಹೋದರು. ಆ ಹೆಂಗಸು ನಮ್ಮ ಮೂವರನ್ನು ಬಿಡಲಿಲ್ಲ.

‘ಒಳಗ ಬರ್ರಿ. ತವರಿನ ಕಡೆಯವರು ಬಂದು ಬರೇ ಉಡಿಲೆ ಹೋದ್ರ ನನಗ ನಿದ್ದಿ ಬರೂದಿಲ್ಲ.’

ಅವ್ವನ ಕಣ್ಣು ಬಾಗಿಲ ಕಡೆ, ತನ್ನ ಚಪ್ಪಲಿಯ ಕಡೆ ಹೋಯಿತು. ಅದನ್ನು ನಾನು ಖಂಡಿತ ನೋಡಿದ್ದೇನೆ. ಆದರೆ ಮಣಿಕಟ್ಟು ಆಕೆಯ ಕೈಯಲ್ಲಿತ್ತು.

ಒಳಕೋಣೆಯಲ್ಲಿ ಬೆಳಕು ಕಡಿಮೆ. ಹಿರಿಯರು ಮೊದಲು ಎಂದು ಅವ್ವನನ್ನು ಮಣೆಯ ಮೇಲೆ ಕೂರಿಸಿದಳು. ಚಿಗವ್ವ ನನ್ನ ಪಕ್ಕದಲ್ಲಿ ನಿಂತಿದ್ದಳು. ಅವಳ ಉಸಿರು ಒಂದು ಸಲ ದೊಡ್ಡದಾಗಿ ಒಳಗೆ ಹೋದದ್ದು ಕೇಳಿಸಿತು, ಏನೋ ಹೇಳುವವರು ಎಳೆದುಕೊಳ್ಳುವಂತೆ. ಹೇಳಲಿಲ್ಲ. ನಾನೂ ಹೇಳಲಿಲ್ಲ, ಹೇಳುವಂಥದ್ದು ಏನೂ ಇಲ್ಲ, ಆಗಲಿ, ಆಗಿಯೇ ಹೋಗಲಿ ಎಂದು ನನ್ನ ಮನಸ್ಸು ಹೊಡೆದುಕೊಳ್ಳುತ್ತಿತ್ತು. ಆ ಹೆಂಗಸು ಅವ್ವನ ತಲೆಯ ಮೇಲಿನ ಸೆರಗನ್ನು ತುಸು ಹಿಂದೆ ಸರಿಸಿ, ಟಿಕಳಿಯ ಮೇಲೆಯೇ ಕುಂಕುಮ ಹಚ್ಚಿದಳು. ಆಮೇಲೆ ಟ್ರಂಕು ತೆರೆದು ತಳದಿಂದ ಒಂದು ಖಣ ತೆಗೆದಳು. ಹಸಿರು, ಕೆಂಪು ಅಂಚು.

‘ಇದು ತಿರುಗಾಡಿದ ಖಣ ಅಲ್ಲವ್ವಾ, ಹೆದರಬ್ಯಾಡ. ನನ್ನ ಮಗಳು ಗುಳೇದಗುಡ್ಡದಿಂದ ತಂದ ಕೊಟ್ಟಿದ್ದು. ನನಗ ಇನ್ನ ಹೊಲಿಸೂ ಹಂಬಲ ಇಲ್ಲ. ನೀ ಹೊಲಿಸ್ಕೊಂಡು ತೊಟ್ಗೊ.’

ಅವ್ವ ಸೆರಗು ಒಡ್ಡಿದಳು. ಎರಡೂ ಕೈಯಿಂದ, ಅಗಲವಾಗಿ. ಎಷ್ಟೋ ವರ್ಷ ಮಾಡದ ಕೆಲಸ, ಕೈ ಮರೆತಿರಲಿಲ್ಲ. ಅಕ್ಕಿ ಬಿತ್ತು, ಕೊಬ್ಬರಿ, ಉತ್ತತ್ತಿ, ಎಲೆ ಅಡಿಕೆ, ಖಣ. ಅವಳು ಕಣ್ಣು ಮುಚ್ಚಿಕೊಂಡಿದ್ದಳು ಎಂದು ನನ್ನ ನೆನಪು ಹೇಳುತ್ತದೆ. ನಾನು ಅವಳ ಬೆನ್ನ ಹಿಂದೆ ನಿಂತಿದ್ದೆ. ಕಣ್ಣು ಮುಚ್ಚಿದ್ದು ನನಗೆ ಹೇಗೆ ಕಾಣಬೇಕು? ಇದನ್ನು ಆಮೇಲೆ ನಾನು ಸೇರಿಸಿರಬೇಕು.

ನಮಗಿಬ್ಬರಿಗೆ ಮಡಿಕೆ ಬಿಳಿಚಿದ ಖಣಗಳು ಬಂದವು. ‘ನಿಮಗ ತಿರುಗಾಡಿದ್ದು ನಡಿತೈತಿ’ ಎಂದು ಆಕೆ ನಕ್ಕಳು. ನನ್ನದು ಒಂದು ತಿಂಗಳಲ್ಲೇ ನಮ್ಮ ಮಹಡಿಯ ಮನೆಯವರ ಉಡಿಗೆ ಹೋಯಿತು.

ಇಳಿಯುವಾಗ ಅವ್ವ ಸೆರಗನ್ನು ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಅದರ ಮೇಲೆ ಒಂದು ಕೈ ಇಟ್ಟುಕೊಂಡು ನಡೆದಳು. ಚೀಲದಲ್ಲಿ ಹಾಕಿಕೊಡುತ್ತೇನೆ ಎಂದೆ. ‘ಇರ್ಲಿ, ಭಾರ ಇಲ್ಲ’ ಎಂದಳು. ಕಲ್ಲುದಾರಿಯಲ್ಲಿ ಅವಳು ಅಷ್ಟು ನಿಧಾನವಾಗಿ ಇಳಿಯುವುದನ್ನು ನೋಡಿ ಗೈಡ್ ‘ಮೊಣಕಾಲು ಬ್ಯಾನಿ ಐತೇನ್ರಿ ಅಮ್ಮಾರಿಗೆ?’ ಎಂದು ನನ್ನನ್ನು ಕೇಳಿದರು. ಅವಳಿಗೆ ಮೊಣಕಾಲು ನೋವು ಇರಲಿಲ್ಲ.

ಟೆಂಪೋದಲ್ಲಿ ನಾನು ಮುಂದಿನ ಸೀಟಿನಲ್ಲಿ, ಅವ್ವ ಚಿಗವ್ವ ನನ್ನ ಹಿಂದೆ. ಗೈಡ್ ಮೈಕನ್ನು ಹೆಂಗಸರ ಕೈಗೆ ಕೊಟ್ಟು ಅಂತ್ಯಾಕ್ಷರಿ ಶುರುಮಾಡಿಸಿದ್ದರು. ಆ ಗದ್ದಲದ ನಡುವೆ ಹಿಂದಿನಿಂದ ಚಿಗವ್ವನ ಧ್ವನಿ ಸಣ್ಣಗೆ ಕೇಳಿತು, ಅವ್ವನ ಧ್ವನಿಯೂ ಕೇಳಿತು. ಮಾತು ಕೇಳಿಸಲಿಲ್ಲ. ಆಮೇಲೆ ಪ್ಲಾಸ್ಟಿಕ್ ಚೀಲದ ಸರಬರ. ನಾನು ತಿರುಗಲಿಲ್ಲ, ಸಾಮಾನು ಹೊಂದಿಸಿಕೊಳ್ಳುತ್ತಿದ್ದಾರೆ ಎಂದುಕೊಂಡೆ.

ರಾಣೆಬೆನ್ನೂರಿನಲ್ಲಿ ಇಳಿದಾಗ ಅವ್ವನ ಸೆರಗಿನ ಗಂಟು ಬಿಚ್ಚಿತ್ತು. ಹಣೆಯ ಮೇಲೆ ಟಿಕಳಿ ಇರಲಿಲ್ಲ, ಕುಂಕುಮವೂ ಇರಲಿಲ್ಲ. ಸೆರಗಿನ ತುದಿಯಲ್ಲಿ ಕೆಂಪು ಒರೆಸಿದ ಗುರುತಿತ್ತು. ಅವಳ ಸೀಟಿನ ಕೆಳಗೆ ಒಂದಿಷ್ಟು ಅಕ್ಕಿಕಾಳು ಬಿದ್ದಿದ್ದವು. ಚಿಗವ್ವನ ಚೀಲದ ಬಾಯಲ್ಲಿ ಹಸಿರು ಖಣದ ಕೆಂಪು ಅಂಚು ಕಾಣುತ್ತಿತ್ತು. ಊಟಕ್ಕೆ ಬಾ ಎಂದು ಚಿಗವ್ವ ಎಷ್ಟು ಕರೆದರೂ ಅವ್ವ ಬರಲಿಲ್ಲ. ಹೊಲಿಗೆ ಐತಿ ಎಂದು ಬ್ಯಾಡಗಿ ಬಸ್ಸು ಹತ್ತಿದಳು.

ಆಗ ನನಗೆ ಇದೇನೂ ದೊಡ್ಡದೆನಿಸಲಿಲ್ಲ. ಆಮೇಲೆ ಬಹಳ ಯೋಚಿಸಿದ್ದೇನೆ. ಬ್ಯಾಡಗಿಯ ಬಸ್‌ಸ್ಟ್ಯಾಂಡಿನಲ್ಲಿ ಗುರುತಿನವರು ನೋಡಿದರೆ ಏನಂದಾರು ಎಂದು ಚಿಗವ್ವ ಹೆದರಿ ಬೇಡಿಕೊಂಡಿರಬಹುದು. ಇಲ್ಲವೆ ಒಳ್ಳೆಯ ಖಣ, ಹೇಗೂ ಅಕ್ಕ ತೊಡುವುದಿಲ್ಲ, ನನಗಾದರೂ ಆಗಲಿ ಎಂದಿರಬಹುದು. ಅವ್ವನೇ ಗಂಟು ಬಿಚ್ಚಿ, ಇದು ನನ್ನದಲ್ಲ, ನೀ ತಗೊ ಎಂದಿರಬಹುದು. ಕೊಟ್ಟುಬಿಡುವುದು ಅವಳ ಸ್ವಭಾವವೂ ಹೌದು. ಒಂದೊಂದನ್ನು ಯೋಚಿಸಿದಾಗಲೂ ಆ ಧ್ವನಿ ನನ್ನ ಕಿವಿಯಲ್ಲಿ ಕೇಳುತ್ತದೆ, ನಿಜವಾಗಿ ಕೇಳಿದಂತೆಯೇ. ಅದಕ್ಕೇ ನನ್ನ ಕಿವಿಯನ್ನು ನಾನು ನಂಬುವುದಿಲ್ಲ.

ಅವ್ವ ಕಾಯಿಲೆ ಬಿದ್ದು ಹಾವೇರಿಗೆ ನನ್ನ ಮನೆಗೆ ಬಂದ ಮೇಲೆ, ಒಂದು ಮಧ್ಯಾಹ್ನ ಫೋನಿನಲ್ಲಿ ಆ ಫೋಟೋ ತೋರಿಸಿದೆ. ಬಹಳ ಹೊತ್ತು ನೋಡಿದಳು.

‘ಆ ಗುಡ್ಡದ ಮನಿ ಅಕ್ಕನ ಕೈ ಬಹಳ ಬೆಚ್ಚಗಿದ್ವು’ ಎಂದಳು.

‘ಆರಾಮ ಆದಮ್ಯಾಲ ಇನ್ನೊಮ್ಮೆ ಹೋಗೂಣೇನವ್ವಾ?’

‘ಹೋಗೂಣು’ ಎಂದಳು. ಸ್ವಲ್ಪ ಹೊತ್ತಿನ ಮೇಲೆ ಗೋಡೆಯ ಕಡೆ ತಿರುಗಿ, ‘ಬ್ಯಾಡ ಬಿಡು. ಆಕಿಗೆ ಗೊತ್ತಾಗತೈತಿ’ ಎಂದಳು.

ಖಣದ ವಿಷಯ ಅವಳು ತೆಗೆಯಲಿಲ್ಲ. ನಾನು ಕೇಳಬಹುದಿತ್ತು. ಅವಳು ಅಂದ ಮಾತಿನ ಮೇಲೆ ಇನ್ನೊಂದು ಮಾತು ಹೇರಲು ಮನಸ್ಸಾಗಲಿಲ್ಲ.

ಅವಳು ಹೋದ ದಿನ, ಸೀರೆ ಉಡಿಸುವ ಹೆಂಗಸರ ನಡುವೆ ನಿಂತು, ಆ ಹಸಿರು ಖಣ ಈಗ ಇದ್ದಿದ್ದರೆ ಎಂದು ಎನಿಸಿತು. ಬಾಯಿ ಬಿಟ್ಟೂ ಅಂದೆನೇನೋ. ಯಾರೋ ಹಿರಿಯರು ‘ಹಸರು ಯಾಕವ್ವಾ, ಇವರಿಗೆ ಹಸರು ಉಡಸೂದಿಲ್ಲ’ ಎಂದರು, ಮೆತ್ತಗೇ ಹೇಳಿದರು. ಚಿಗವ್ವ ಅವ್ವನ ಕಾಲ ಬಳಿ ನೆರಿಗೆ ಸರಿಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

ದಿನಕರ್ಮಗಳೆಲ್ಲ ಮುಗಿದ ಮೇಲೆ ಬ್ಯಾಡಗಿಗೆ ಹೋಗಿ ಅವಳ ಮಷೀನಿನ ಡ್ರಾವರ್ ತೆರೆದೆ. ದಾರದ ಬಣ್ಣ ಹೊಂದಿಸಲಿಕ್ಕೆಂದು ಅವಳು ಹೊಲಿಗೆಗೆ ಬಂದ ಪ್ರತಿ ಬಟ್ಟೆಯಿಂದ ಒಂದು ಸಣ್ಣ ಚೂರು ಕತ್ತರಿಸಿ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತಿದ್ದಳು. ಡಬ್ಬಿಯನ್ನು ನೆಲದ ಮೇಲೆ ಸುರಿದುಕೊಂಡು ಹಸಿರು ಚೂರುಗಳನ್ನೆಲ್ಲ ಆರಿಸಿದೆ. ಕತ್ತರಿ ಯಾವಾಗಲೂ ಅವಳ ಚೀಲದಲ್ಲಿರುತ್ತಿತ್ತು. ಕೊಡುವ ಮೊದಲು ಒಂದು ತುದಿಯನ್ನಾದರೂ ಇಟ್ಟುಕೊಂಡಿರಬಹುದು ಎಂಬ ಆಸೆ. ಹಸಿರು ಬಹಳ ಇದ್ದವು. ಕಿಟಕಿಯ ಬೆಳಕಿಗೆ ಒಂದೊಂದನ್ನೇ ಹಿಡಿದು ನೋಡಿದೆ. ಎಲ್ಲವೂ ಅದೇ ಎನಿಸಿದವು, ಯಾವುದೂ ಅಲ್ಲ ಎಂದೂ ಅನಿಸಿತು.

ಆ ಸಲವೇ ಚಿಗವ್ವನನ್ನು ಮೊದಲ ಬಾರಿ ಕೇಳಿದ್ದು, ಆ ಖಣ ಎಲ್ಲಿದೆ ಎಂದು.

‘ಖಣ ಎಲ್ಲಿ ಇರ್ತಾವ ಮಗಳ? ಹೋಗ್ತಾವ. ಯಾರದೋ ಉಡಿಗೆ ಹೋತು.’

‘ನೀ ಹೊಲಿಸ್ಕೊಳ್ಳಲಿಲ್ಲೇನು?’

‘ನಾ ಯಾಕ ಹೊಲಿಸ್ಲಿ?’ ಎಂದಳು. ಆ ಮಾತಿನಲ್ಲಿ ಸಿಟ್ಟಿತ್ತು. ನನ್ನ ಮೇಲಿನದೋ ಬೇರೆ ಯಾರ ಮೇಲಿನದೋ ತಿಳಿಯಲಿಲ್ಲ. ಅಂದಿನಿಂದ ನಾನು ಯಾರ ಮನೆಗೆ ಹೋದರೂ ತಟ್ಟೆಯಲ್ಲಿ ಹಸಿರು ಖಣ ಕಂಡರೆ ಅಂಚು ತಿರುಗಿಸಿ ನೋಡುತ್ತೇನೆ. ಮನೆಯವರು ನಾನು ಬಟ್ಟೆಯ ಗುಣ ನೋಡುತ್ತಿದ್ದೇನೆ ಎಂದು ತಿಳಿಯುತ್ತಾರೆ. ಟೇಲರ್ ಮಗಳಲ್ಲವೇ ಎಂದು ನಗುತ್ತಾರೆ.

ಹೋದ ತಿಂಗಳು ಅವ್ವನ ಫೋಟೋಕ್ಕೆ ಕಟ್ಟು ಹಾಕಿಸಬೇಕೆಂದು ಹಾವೇರಿಯ ಒಂದು ಸ್ಟುಡಿಯೋಕ್ಕೆ ಹೋದೆವು, ನಾನು ಮತ್ತು ಚಿಗವ್ವ. ಅವ್ವನ ಬೇರೆ ಫೋಟೋಗಳಲ್ಲಿ ಅವಳು ಕ್ಯಾಮೆರಾ ಕಡೆ ನೋಡಿಯೇ ಇಲ್ಲ. ಹೀಗಾಗಿ ಕೋಟೆಯ ಫೋಟೋದಿಂದಲೇ ಅವಳ ಮುಖ ಬಿಡಿಸಿ ದೊಡ್ಡದು ಮಾಡಲು ಹೇಳಿದೆ. ಸ್ಟುಡಿಯೋದವನು ಅದನ್ನು ಪರದೆಯ ಮೇಲೆ ದೊಡ್ಡದಾಗಿಸಿದ. ಹಿಂದಿನ ಕೋಟೆಯ ಗೋಡೆ ಅಳಿಸಿ ನೀಲಿ ಬಣ್ಣ ತುಂಬಿದ. ಎದೆಯ ಹತ್ತಿರ ನಿಂತಿದ್ದ ಕೈಯನ್ನು ಚೌಕಟ್ಟಿನ ಹೊರಗೆ ಬಿಟ್ಟ. ಆಮೇಲೆ ನಮ್ಮ ಕಡೆ ತಿರುಗಿದ.

‘ಯಜಮಾನ್ರು ಅದಾರೇನ್ರಿ ಇವರದು?’

‘ಇಲ್ಲ’ ಎಂದೆ.

‘ಹಂಗಾರ ಟಿಕಳಿ ತೆಗಿಲೇನ್ರಿ? ಎರಡ ನಿಮಿಷದ ಕೆಲಸ.’

ನಾನು ಚಿಗವ್ವನನ್ನು ನೋಡಿದೆ. ಅವಳೇ ಅಂಟಿಸಿದ್ದು. ಅವಳು ಪರದೆಯನ್ನೇ ನೋಡುತ್ತಿದ್ದಳು. ಅಷ್ಟು ದೊಡ್ಡದಾಗಿ ಕಾಣುವಾಗ ಟಿಕಳಿ ಸ್ವಲ್ಪ ಓರೆಯಾಗಿ ಕೂತಿರುವುದು ಗೊತ್ತಾಗುತ್ತಿತ್ತು. ನಗುತ್ತ, ಅವಸರದಲ್ಲಿ ಒತ್ತಿದ್ದು.

‘ಇರ್ಲಿ’ ಎಂದಳು ಚಿಗವ್ವ. ನಾನು ಹೇಳುವುದಕ್ಕಿಂತ ಮೊದಲು.

ಬಸ್‌ಸ್ಟ್ಯಾಂಡಿಗೆ ನಡೆದೆವು. ಕಟ್ಟು ಹಾಕಿದ ಫೋಟೋವನ್ನು ಪೇಪರಿನಲ್ಲಿ ಸುತ್ತಿ ಅವಳೇ ಹಿಡಿದಿದ್ದಳು. ಒಂದು ಕೈ ಅದರ ಕೆಳಗೆ, ಒಂದು ಕೈ ಮೇಲೆ. ರಾಣೆಬೆನ್ನೂರಿನ ಬಸ್ಸು ನಿಂತಿತ್ತು. ಕಿಟಕಿಯ ಹತ್ತಿರ ಕೂತು ಫೋಟೋವನ್ನು ನನಗೆ ಕೊಟ್ಟಳು. ಆಗ ಕೇಳಿದೆ. ಅವಳು ಚೀಲದಲ್ಲಿ ಏನೋ ಹುಡುಕಿದಳು, ಸಿಗಲಿಲ್ಲ ಎಂಬಂತೆ ಮತ್ತೆ ಹುಡುಕಿದಳು. ಬಸ್ಸು ಹೊರಟಿತು. ಆಮೇಲೆ ಫೋನಿನಲ್ಲಿ ಎಷ್ಟೋ ಸಲ ಮಾತಾಡಿದ್ದೇವೆ. ಆ ದಿನ ಗಾಳಿ ಇರಲಿಲ್ಲ ಎನ್ನುತ್ತಾಳೆ, ಗೈಡ್ ಹೇಳಿದ್ದೆಲ್ಲ ಸುಳ್ಳು ಎನ್ನುತ್ತಾಳೆ, ಆ ಮನೆಯ ಶೇಂಗಾ ಹಿಂಡಿಗೆ ಬೆಳ್ಳುಳ್ಳಿ ಹೆಚ್ಚಾಗಿತ್ತು ಎನ್ನುತ್ತಾಳೆ. ನಾನು ಕಿಟಕಿಯ ಸರಳು ಹಿಡಿದುಕೊಂಡು ಕೇಳಿದ್ದು ಇಷ್ಟೇ:

‘ಚಿಗವ್ವಾ, ಅವತ್ತ ಟೆಂಪೋದಾಗ ಆ ಖಣ ನೀ ಬೇಡಿ ಇಸ್ಕೊಂಡ್ಯೇನು, ಅವ್ವ ತಾನ ತೆಗೆದು ಕೊಟ್ಲೇನು?’